ಸಮ ಅಂತರದ ಸಂಖ್ಯೆಗಳ ಸರಾಸರಿ: ಕ್ಲಾಸಿಗೆ ಹೋಗಲಾ, ಮನೆಯಲ್ಲೇ ಕಲಿಯಲಾ?

ಡೊಂಬಿವ್ಲಿ ಓದುಗಳು: ಥಾಣೆಯಲ್ಲಿ ಕೆಲಸ, ಜೊತೆಗೆ ಎಂಬಿಎ ಪ್ರವೇಶದ ಕ್ಯಾಟ್ ಪರೀಕ್ಷೆಗೆ ತಯಾರಿ. ಸಮಾಂತರ ಶ್ರೇಢಿಯ, ಅಂದರೆ ಸಮ ಅಂತರದ ಸಂಖ್ಯೆಗಳ ಸಾಲಿನ, ಸರಾಸರಿ ಪೂರ್ಣಾಂಕವೋ ಅಲ್ಲವೋ, ಮೊತ್ತ ಯಾವುದರಿಂದ ಭಾಗವಾಗುತ್ತದೆ, ಈ ತರಹದ ಪ್ರಶ್ನೆ ಬಂದರೆ ಒದ್ದಾಡುತ್ತೇನೆ. ಬಹು ಆಯ್ಕೆಯ ಪ್ರಶ್ನೆ ತಪ್ಪಾದರೆ 1 ಅಂಕ ಹೋಗುತ್ತದೆ. ಕ್ಲಾಸಿಗೆ ದುಡ್ಡು ಹಾಕಲಾ? ಅನುಭವ ಇದ್ದವರು ಹೇಳಿ.

ಹಡಪ್ಸರ್ ಹುಡುಗ: ಕ್ಲಾಸಿನ ಮಾತೆತ್ತಿದರೆ ಹೊಟ್ಟೆ ಉರಿಯುತ್ತದೆ. 68,000 ರೂಪಾಯಿ, ಅದೂ ಒಂದೇ ಕಂತಿನಲ್ಲಿ. ಮಾಕ್ ಟೆಸ್ಟಿಗೆ ಬೇರೆ 6,500. ನೋಟ್ಸು ಪಿಡಿಎಫ್‌ನಲ್ಲಿ ಕೊಟ್ಟರು, ಜೆರಾಕ್ಸ್ ಅಂಗಡಿಗೆ 1,140 ಸುರಿದೆ. ಶಿಫ್ಟ್ ಮುಗಿಸಿ ಮಳೆಯಲ್ಲಿ ಪುಣೆಯ ಡೆಕ್ಕನ್‌ವರೆಗೆ ಬೈಕು. ಒಂದು ಸಂಜೆ ಬೈಕನ್ನೇ ಟೋಯಿಂಗ್‌ನವರು ಎತ್ತಿಕೊಂಡು ಹೋದರು, ದಂಡ ಕಟ್ಟಿ ಬಂದೆ. ಇಷ್ಟಕ್ಕೆಲ್ಲ ಕಲಿಸಿದ್ದೇನು? 'ಸರಾಸರಿ, ಮೀಡಿಯನ್ (ಸಾಲಿನ ನಟ್ಟನಡುವಿನ ಬೆಲೆ) ಎರಡೂ ಒಂದೇ ಬಂದರೆ ಸಮ ಅಂತರ ಅಂತ ಟಿಕ್ ಹಾಕಿ.' 1, 2, 4, 5 ತಗೊಳ್ಳಿ. ಸರಾಸರಿ 3, ಮೀಡಿಯನ್ನೂ 3. ಅಂತರ ಸಮ ಇದೆಯಾ? ಸಮ ಅಂತರ ಇದ್ದರೆ ಎರಡೂ ಒಂದೇ, ಸರಿ. ಅದನ್ನೇ ತಿರುಗಿಸಿ ಹೇಳಿದರೆ ಸುಳ್ಳು. ಕೇಳಿದ್ದಕ್ಕೆ ಸರ್ 'ಪೋರ್ಷನ್ ಮುಗಿಸಬೇಕು' ಅಂದರು. ದುಡ್ಡು ವಾಪಸ್ ಕೇಳಿದರೆ ಫಾರಂನ ಹಿಂಬದಿಯ ಸಣ್ಣಕ್ಷರ ತೋರಿಸಿದರು.

ಮಾಟುಂಗಾ ನಿವೃತ್ತ: ನಮಗೆಲ್ಲಿಯ ಮಾಕ್ ಟೆಸ್ಟು ಮಾರಾಯ್ರೇ. ಹಗಲೆಲ್ಲ ಮುಂಬೈ ಫೋರ್ಟಿನ ಹೋಟೆಲಿನಲ್ಲಿ ಗಲ್ಲಾ, ಸಂಜೆ ಕನ್ನಡ ರಾತ್ರಿ ಶಾಲೆ. ಅಲ್ಲಿಂದಲೇ ಬ್ಯಾಂಕಿನ ಕುರ್ಚಿಯವರೆಗೆ ಬಂದವನು ನಾನು. ಮೇಷ್ಟ್ರು ಸೂತ್ರ ಬಾಯಿಪಾಠ ಮಾಡಿಸಲಿಲ್ಲ. ಮೊದಲನೆಯದಕ್ಕೆ ಕೊನೆಯದನ್ನು ಜೋಡಿ ಮಾಡು, ಎರಡನೆಯದಕ್ಕೆ ಕೊನೆಯಿಂದ ಎರಡನೆಯದನ್ನು ಜೋಡಿ ಮಾಡು ಅಂದರು. ಎಲ್ಲಾ ಜೋಡಿಯ ಮೊತ್ತ ಒಂದೇ, ಅದರ ಅರ್ಧವೇ ಸರಾಸರಿ. 100ರಿಂದ 300ರೊಳಗೆ 7ರ ಗುಣಕಗಳು ಬೇಕಾ? 105ರಿಂದ 294. ಸರಾಸರಿ 199.5. ಎಷ್ಟು ಸಂಖ್ಯೆ? 189 ಭಾಗಿಸು 7, ಅಂದರೆ 27. ಮೊತ್ತ ಬೇಕಾದರೆ ಗುಣಿಸಿಕೊಳ್ಳಿ. ಇದಕ್ಕೆ 68,000 ಕೊಡುವವರು ಕೊಡಲಿ.

ಹಡಪ್ಸರ್ ಹುಡುಗ: ಗುಣಿಸಿದೆ ಅಂಕಲ್. 5,386.5 ಬಂತು. ಪೂರ್ಣಾಂಕಗಳನ್ನು ಕೂಡಿದರೆ ಅರ್ಧ ಎಲ್ಲಿಂದ ಬಂತು? 27 ಇರುವುದು ನಡುವಿನ ಅಂತರಗಳು, ಸಂಖ್ಯೆಗಳು 28. ಮೊತ್ತ 5,586.

ಮಾಟುಂಗಾ ನಿವೃತ್ತ: ಒಂದು ಕೂಡಿಸಬೇಕು ಅಂತ ಮಕ್ಕಳಿಗೂ ಗೊತ್ತು, ಅದಕ್ಕೇ ಬರೆಯಲಿಲ್ಲ.

ವಾಸ್ಕೋ ಅಮ್ಮ: ನನ್ನ ಮಗಳದ್ದು ಬ್ಯಾಂಕ್ ಕ್ಲರ್ಕ್ ಪರೀಕ್ಷೆ. ತಪ್ಪಿಗೆ ಕಾಲು ಅಂಕ ಕಡಿತ. ಪಣಜಿಯ ಕ್ಲಾಸಿಗೆ 22,000 ಕೇಳಿದರು, ಬಸ್ಸಿನ ಖರ್ಚು ಬೇರೆ. ನಾನು ಬೇಡ ಅಂದೆ. ಯಜಮಾನರು ಮುಖ ಊದಿಸಿಕೊಂಡರು, ಅತ್ತೆ 'ಹುಡುಗಿಯ ಭವಿಷ್ಯ ಹಾಳು ಮಾಡಿದಳು' ಅಂತ ಗದಗಿಗೆ ಫೋನು ಹಚ್ಚಿದರು. ಮನೆಯಲ್ಲೇ ಹಳೆ ಪ್ರಶ್ನೆಪತ್ರಿಕೆ ಬಿಡಿಸಿದಳು. ಒಂದೇ ನಿಯಮ: ಸಂಖ್ಯೆಗಳ ಎಣಿಕೆ ಬೆಸ ಆದರೆ ಸರಾಸರಿ ಪೂರ್ಣಾಂಕ, ಸಮ ಆದರೆ ಯಾವತ್ತೂ ಕೊನೆಗೆ ಅರ್ಧ (.5). ಕ್ಲಾಸೂ ಬೇಡ, ಗೀಸೂ ಬೇಡ.

ಮುಲುಂದ್ ಟ್ಯೂಷನ್: ಅಕ್ಕಾ, 2, 4, 6, 8ರ ಸರಾಸರಿ ಎಷ್ಟು? ಎಣಿಕೆ 4, ಸರಾಸರಿ 5. ನೀವು ಹೇಳಿದ್ದು 3, 4, 5, 6ಕ್ಕೆ ಸರಿ. ಅಲ್ಲಿ 4.5 ಬರುತ್ತದೆ, ಮೊತ್ತ 18, 4ರಿಂದ ಭಾಗವಾಗುವುದಿಲ್ಲ. ಎಣಿಕೆ ಸಮಸಂಖ್ಯೆ ಆದಾಗ ಅಂತರ ಬೆಸಸಂಖ್ಯೆ ಇದ್ದರೆ ಮಾತ್ರ ಅರ್ಧ. ಅಂತರ 2, 4ರಂತೆ ಸಮಸಂಖ್ಯೆ ಇದ್ದರೆ ಎಣಿಕೆ ಎಷ್ಟೇ ಇರಲಿ, ಸರಾಸರಿ ಪೂರ್ಣಾಂಕವೇ. ಗಣಿತಜ್ಞ ಗಾಸ್ ಹತ್ತು ವರ್ಷದ ಹುಡುಗನಾಗಿದ್ದಾಗ 1ರಿಂದ 100 ಕೂಡಿದ ಕಥೆಯಲ್ಲೂ ಅಂಕಲ್ ಹೇಳಿದ ಜೋಡಿ ಲೆಕ್ಕವೇ. ಸುಮ್ನೆ ಅರ್ಧ ನಿಯಮ ಹಂಚಬೇಡಿ.

ವಾಸ್ಕೋ ಅಮ್ಮ: ಮಗಳು ಆರು ತಿಂಗಳಿಂದ ಕೌಂಟರಿನಲ್ಲಿ ಕೂತಿದ್ದಾಳೆ. ನಿಮ್ಮ ಟ್ಯೂಷನ್ನಿನ ಎಷ್ಟು ಮಕ್ಕಳು ಕೂತಿದ್ದಾರೆ?

ಮಾಟುಂಗಾ ನಿವೃತ್ತ: ಗಾಸ್ ಯಾಕೆ ಬೇಕು? ಕ್ರಿ.ಶ. 499ರಲ್ಲೇ ಆರ್ಯಭಟ ಮೊದಲು ನಡುವಿನ ಬೆಲೆ ಕಂಡುಹಿಡಿ, ಎಣಿಕೆಯಿಂದ ಗುಣಿಸು, ಮೊತ್ತ ಸಿಗುತ್ತದೆ ಅಂದಿದ್ದಾನೆ. ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರೂ ಶ್ರೇಢಿಯ ಲೆಕ್ಕ ಬಿಡಿಸಿದ್ದಾರೆ.

ಹಡಪ್ಸರ್ ಹುಡುಗ: ರಾಷ್ಟ್ರಕೂಟರು ಅಂದ ತಕ್ಷಣ ನಮ್ಮವರು. ಇಲ್ಲಿ ಪುಣೆಯಲ್ಲಿ ಎಲ್ಲೋರಾದ ಕೈಲಾಸ ಅವರದ್ದು ಅಂದು ನೋಡಿ, ಆಫೀಸಿನಲ್ಲಿ ಊಟದ ಟೇಬಲ್ಲೇ ಎರಡು ಪಾಲಾಗುತ್ತದೆ.

ಮುಲುಂದ್ ಟ್ಯೂಷನ್: ಜಗಳ ಸಾಕು. ಪ್ರಶ್ನೆ ಕೇಳಿದವರು ಎಲ್ಲಿ?

ಡೊಂಬಿವ್ಲಿ ಓದುಗಳು: ಇಲ್ಲೇ ಇದ್ದೇನೆ ಸರ್. ಕ್ಲಾಸಿಗೆ ಹೋಗಲಾ ಬೇಡವಾ?

ಹಡಪ್ಸರ್ ಹುಡುಗ: ಹೋಗಲೇಬೇಡಿ. ಅವರ ನೋಟ್ಸು ಪೂರ್ತಿ ನನ್ನ ಹತ್ತಿರ ಇದೆ. ಬೈಂಡಿಂಗ್ ಸಮೇತ 3,000ಕ್ಕೆ ಕೊಡುತ್ತೇನೆ.

ವಾಸ್ಕೋ ಅಮ್ಮ: ಆ ಟಿಕ್ ಹಾಕುವ ಪುಟ ಹರಿದು ಕೊಡಿ, 2,900 ಮಾಡಿಕೊಳ್ಳಿ.