ಅಪ್‌ಡೇಟ್: ಕೊನೆಗೂ ಕ್ಯಾಮೆರಾ ತಗೊಂಡೆ
ಹೊಸಬರಿಗೆ ಯಾವ ಕ್ಯಾಮೆರಾ ಒಳ್ಳೆಯದು, ಕಾರವಾರದ ಕಡಲು, ದೋಣಿ, ಹಕ್ಕಿ ತೆಗೆಯಬೇಕು, ಬಜೆಟ್ ಕಡಿಮೆ ಎಂದು ಕೇಳಿದ್ದೆನಲ್ಲ, ಅದರ ಕಥೆ ಇದು.

ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3500 ತಗೊಂಡೆ, 18-55 ಎಂಎಂ ಜೂಮ್ ಲೆನ್ಸ್ ಜೊತೆ. "ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇರಲೇಬೇಕು" ಎಂದವರಿಗೆ ದೊಡ್ಡ ಥ್ಯಾಂಕ್ಸ್. ಸ್ನೇಹಿತನ ಕಾಂಪ್ಯಾಕ್ಟ್ ಕ್ಯಾಮೆರಾವನ್ನು ಟ್ಯಾಗೋರ್ ಬೀಚಿಗೆ ಒಯ್ದು ನೋಡಿದೆ. ಮಧ್ಯಾಹ್ನದ ಬಿಸಿಲಿಗೆ ಪರದೆಯಲ್ಲಿ ನನ್ನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ! ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಸಲಹೆ ಚೆನ್ನಾಗಿತ್ತು, ಆದರೆ ಲೆನ್ಸ್ ಸೇರಿಸಿದರೆ ಕೈಗೆ ಎಟುಕಲಿಲ್ಲ.

"ಹಳೇ 50 ಎಂಎಂ 1.8ಡಿ ಲೆನ್ಸ್ ಅಗ್ಗ, ಅದನ್ನೇ ಹಾಕಿ" ಎಂಬ ಸಲಹೆ ಮಾತ್ರ ನಡೆಯಲಿಲ್ಲ. ಈ ಕ್ಯಾಮೆರಾ ಬಾಡಿಯೊಳಗೆ ಲೆನ್ಸ್ ತಿರುಗಿಸುವ ಫೋಕಸ್ ಮೋಟರ್ ಇಲ್ಲವಂತೆ. ತನ್ನೊಳಗೇ ಮೋಟರ್ ಇರುವ ಎಎಫ್-ಎಸ್ ಅಥವಾ ಎಎಫ್-ಪಿ ಲೆನ್ಸ್ ಆದರೆ ಮಾತ್ರ ಆಟೋಫೋಕಸ್. ಹಳೆಯದು ಹಾಕಿದರೆ ಕೈಯಲ್ಲೇ ತಿರುಗಿಸುತ್ತಾ ಕೂರಬೇಕು. ಅಂಗಡಿಯಲ್ಲೇ ಹಾಕಿ ನೋಡಿದ್ದರಿಂದ ದುಡ್ಡು ಉಳಿಯಿತು.

ನಾನು ಯೋಚಿಸಿಯೇ ಇರದ ವಿಷಯ ಫಂಗಸ್, ಅಂದರೆ ತೇವಕ್ಕೆ ಲೆನ್ಸಿನೊಳಗೆ ಬೆಳೆಯುವ ಬೂಷ್ಟು. ಹಳೇ ಲೆನ್ಸ್ ಕೊಳ್ಳುವಾಗ ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ನೋಡಿ. ಒಂದರಲ್ಲಿ ಜೇಡರ ಬಲೆಯಂಥ ಎಳೆಗಳಿದ್ದವು, ವಾಪಸ್ ಕೊಟ್ಟೆ. ನಮ್ಮ ಕರಾವಳಿ ಮಳೆಗಾಲ ಗೊತ್ತಲ್ವಾ. ಅಕ್ಕಿ ಡಬ್ಬಿಯಲ್ಲಿ ಇಡಿ ಎಂದಿದ್ದರು ಒಬ್ಬರು, ಬೇಡ, ಸುಮ್ನೆ ಧೂಳು. ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮೀಟರ್ ಇಟ್ಟಿದ್ದೇನೆ. ಮುಳ್ಳು ಶೇಕಡಾ 40-50ರ ನಡುವೆ ಇದ್ದರೆ ಸಾಕು.

ದೂರದ ಹಕ್ಕಿಗಳಿಗೆ 55 ಎಂಎಂ ಏನೇನೂ ಸಾಲದು. ದಾಂಡೇಲಿಯಲ್ಲಿ ಮಂಗಟ್ಟೆ ಹಕ್ಕಿ ತೆಗೆಯುವ ಆಸೆ ಇದೆ, ಯಾರಾದರೂ ಎಎಫ್-ಪಿ 70-300 ಎಂಎಂ ಲೆನ್ಸ್ ಮಾರುವವರಿದ್ದರೆ ತಿಳಿಸಿ.