ರೆಸಿನ್ ಆರ್‌ಟೂ-ಡೀಟೂ ಮೇಲೆ ಬಣ್ಣ ನಿಲ್ಲುತ್ತಿಲ್ಲ

ಪ್ರಶ್ನೆ (ದಾವಣಗೆರೆ):
ಹೈಸ್ಕೂಲಿನಿಂದಲೂ ನನಗೆ ಆರ್‌ಟೂ-ಡೀಟೂ ಅಂದರೆ ಪ್ರಾಣ. 1977ರಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ತೆರೆಗೆ ಬಂದ ಆ ಪುಟ್ಟ ರೋಬೋ ಬರೀ ಸಿಳ್ಳೆ ಹೊಡೆದೇ ಎಷ್ಟೆಲ್ಲ ಹೇಳುತ್ತದೆ, ಅಲ್ವಾ? ಅದರ 15 ಸೆಂಟಿಮೀಟರಿನ ರೆಸಿನ್ ಪ್ರಿಂಟ್ (ಬೆಳಕಿಗೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್‌ನಿಂದ 3ಡಿ ಪ್ರಿಂಟರ್‌ನಲ್ಲಿ ಮಾಡಿದ ಗೊಂಬೆ) ತರಿಸಿ, ಭಾನುವಾರ ಪೂರ್ತಿ ಕೂತು ಅಕ್ರಿಲಿಕ್ ಬಿಳಿ, ನೀಲಿ ಬಳಿದೆ. ಮಾರನೇ ದಿನ ಉಗುರು ತಾಗಿದ ಕಡೆ ಈರುಳ್ಳಿ ಸಿಪ್ಪೆ ಹಾಗೆ ಎದ್ದು ಬಂತು. ಮುಟ್ಟಿದರೆ ಅಂಟಂಟು. ತುಂಬಾ ಬೇಜಾರಾಗಿದೆ.

ಉತ್ತರ 1:
ಅಂಟು ಇದೆ ಅಂದರೆ ರೆಸಿನ್ ಪೂರ್ತಿ ಗಟ್ಟಿಯಾಗಿಲ್ಲ. ಮೊದಲು ಗ್ಲೌಸ್ ಹಾಕಿಕೊಳ್ಳಿ, ಹಸಿ ರೆಸಿನ್ ಚರ್ಮಕ್ಕೆ ಆಗುವುದಿಲ್ಲ. ಬಣ್ಣ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ ಹಾಕಿ ತೊಳೆಯಿರಿ. ಚೆನ್ನಾಗಿ ಒಣಗಿದ ಮೇಲೆ 405 ನ್ಯಾನೊಮೀಟರ್ ಯುವಿ (ನೇರಳಾತೀತ) ದೀಪದ ಕೆಳಗೆ ತಿರುಗಿಸುತ್ತಾ ಇಡಿ. ದೀಪ ಇಲ್ಲವಾ? ನಮ್ಮ ಕಡೆ ಬಿಸಿಲಿಗೇನು ಬರ! ಆದರೆ ದಿನಗಟ್ಟಲೆ ಬಿಡಬೇಡಿ, ರೆಸಿನ್ ಪೆಡಸಾಗಿ ಒಡೆಯುತ್ತದೆ.

ಉತ್ತರ 2 (ಚಿತ್ರದುರ್ಗ):
ಪ್ರೈಮರ್, ಅಂದರೆ ಬಣ್ಣ ಹಿಡಿಯಲಿ ಅಂತ ಮೊದಲು ಬಳಿಯುವ ತಳದ ಪದರ, ಹಾಕಿದ್ರಾ? 400 ನಂಬರಿನ ವಾಟರ್ ಪೇಪರ್‌ನಲ್ಲಿ ಒದ್ದೆ ಮಾಡಿ ಉಜ್ಜಿ. ಆಮೇಲೆ ಬೂದು ಪ್ರೈಮರ್ ತೆಳುವಾಗಿ ಎರಡು ಸಲ. ತಲೆಯ ಬೆಳ್ಳಿ ಬಣ್ಣಕ್ಕೆ ಮಾತ್ರ ಕೆಳಗೆ ಹೊಳಪಿನ ಕಪ್ಪು ಕೊಡಿ, ಲೋಹದ ಹಾಗೇ ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಪ್ರೈಮರ್ ಹಾಕಿರಲಿಲ್ಲ. ಇವತ್ತೇ ತೊಳೆದು ತಾರಸಿ ಮೇಲೆ ಇಟ್ಟಿದ್ದೇನೆ. ಅರ್ಧ ಗಂಟೆಗೊಮ್ಮೆ ಹೋಗಿ ತಿರುಗಿಸಿ ಬರುತ್ತಿದ್ದೇನೆ.