ಅಮ್ಮನ ಬಿಪಿ ಏರಿಳಿತ, ಜೊತೆಗೆ ಮರೆವು: ಸಹಾಯ ಬೇಕು

ಅಮ್ಮನಿಗೆ 71 ವರ್ಷ. ಬಿಪಿಗೆ ಆಮ್ಲೊಡಿಪಿನ್ 5 ಎಂಜಿ ಮಾತ್ರೆ ದಿನಾ ನಾನೇ ಕೈಗೆ ಕೊಡುತ್ತೇನೆ. ಆದರೂ ಬೆಳಿಗ್ಗೆ 168/94, ಸಂಜೆ 118/70. ಮೆಷಿನ್ ಕೆಟ್ಟಿದೆಯೇನೋ ಅಂತ ಹೊಸದು ತಂದೆವು, ಅದರಲ್ಲೂ ಅಷ್ಟೇ. ಉಪ್ಪಿನಕಾಯಿ, ಹಪ್ಪಳ ಬಂದ್ (ಅದಕ್ಕೆ ನನ್ನ ಮೇಲೆ ಇನ್ನೂ ಸಿಟ್ಟು). ಎರಡು ವಾರ ಬರೆದಿಟ್ಟು ತೋರಿಸಿದರೆ ಡಾಕ್ಟರ್ "ಸರಾಸರಿ ಪರವಾಗಿಲ್ಲ" ಅಂದರು.

ಮೊನ್ನೆ ಅಮ್ಮ ಒಂದೇ ಪಾತ್ರೆಯ ಸಾರಿಗೆ ಎರಡು ಸಲ ಒಗ್ಗರಣೆ ಹಾಕಿದರು. ಮೊದಲು ಹಾಕಿದ್ದು ನೆನಪೇ ಇಲ್ಲ. ಬಿಪಿ ಹೀಗೆ ಜಾಸ್ತಿ ಏರಿಳಿಯುವವರಲ್ಲಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಹೆಚ್ಚು ಕಾಣುತ್ತದೆ ಅಂತ ಓದಿದಾಗಿನಿಂದ ನನಗೆ ನಿದ್ದೆ ಇಲ್ಲ. ಸರಾಸರಿ ಸರಿಯಿದ್ದರೆ ಸಾಕಾ, ಏರಿಳಿತವೂ ಮುಖ್ಯ ಅಲ್ವಾ?

ಇಂಥದ್ದನ್ನು ಮನೆಯಲ್ಲಿ ನೋಡಿದವರು ಹೇಳಿ: ಮೊದಲು 24 ಗಂಟೆ ಬಿಪಿ ಅಳೆಯುವ ಟೆಸ್ಟ್ ಮಾಡಿಸಿದಿರಾ, ಇಲ್ಲ ನೇರವಾಗಿ ನ್ಯೂರಾಲಜಿಸ್ಟ್ ಹತ್ತಿರ ನೆನಪಿನ ಪರೀಕ್ಷೆಗೆ ಹೋದಿರಾ?